ದೊರೆಯ ಪಾತ್ರ

ನಮ್ಮ ತಂದೆಯವರು ಹದಿನಾಲ್ಕು ವರ್ಷ ಇಂಗ್ಲಿಷಿನವರಾಗಿದ್ದರು. ಗಾಬರಿಯಾಗಬೇಡಿ; ವರ್ಷಕ್ಕೆ ಒಂದು ರಾತ್ರಿ ಮಾತ್ರ. ಮಿಕ್ಕ ದಿನಗಳಲ್ಲಿ ಅವರು ಮಾವಳ್ಳಿಯ ವಠಾರವೊಂದರಲ್ಲಿ ಹುಟ್ಟಿ, ಅಲ್ಲಿಯೇ ಬೆಳೆದು, ಬೆಳಗ್ಗೆ ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಿ ಬಂದು, ಕಾಫಿ ಕುಡಿದು, ಸೈಕಲ್ಲೇರಿ ಕೆಲಸಕ್ಕೆ ಹೋಗುವ ಸಾಧಾರಣ ಗೃಹಸ್ಥರು. ಗಣೇಶನ ಹಬ್ಬ ಕಳೆದ ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ನಮ್ಮ ಬೀದಿಯವರು ಪೀಪಾಯಿಗಳ ಮೇಲೆ ಹಲಗೆ ಜೋಡಿಸಿ ನಾಟಕವಾಡುತ್ತಿದ್ದರು. ನಾಟಕ ಪ್ರತಿವರ್ಷವೂ ಒಂದೇ: ಕಿತ್ತೂರು ಚೆನ್ನಮ್ಮ. ತಂದೆಯವರದು ಕಲೆಕ್ಟರ್ ಥ್ಯಾಕರೆಯ ಪಾತ್ರ. ಅಭಿನಯದ ಹೆಚ್ಚುಗಾರಿಕೆಯಿಂದ ಅದು ಅವರ ಪಾಲಿಗೆ ಬಂದದ್ದಲ್ಲ. ಅವರ ಮೈಬಣ್ಣ ಬಿಳಿ, ಕಣ್ಣು ಬೆಕ್ಕಿನ ಕಣ್ಣು. "ದೇವರೇ ಬಣ್ಣ ಬಳಿದು ಕಳಿಸಿದ್ದಾನೆ, ನಾವೇಕೆ ದುಡ್ಡು ಹಾಕೋಣ" ಎಂದು ನಾಟಕದ ಮೇಷ್ಟರು ತೀರ್ಮಾನಿಸಿಬಿಟ್ಟಿದ್ದರಂತೆ. ಒಮ್ಮೆಯಾದರೂ ಸಂಗೊಳ್ಳಿ ರಾಯಣ್ಣನಾಗಬೇಕೆಂಬ ಅವರ ಆಸೆ ಕೊನೆಗೂ ಕೈಗೂಡಲಿಲ್ಲ.

ನಾನು ಹುಟ್ಟುವ ಹೊತ್ತಿಗೆ ಆ ನಾಟಕ ನಿಂತುಹೋಗಿತ್ತು. ಆದರೆ ಅದರ ವರ್ಣನೆಯನ್ನು ಎಷ್ಟು ಸಲ ಕೇಳಿದ್ದೇನೆಂದರೆ, ಮುಂದಿನ ಸಾಲಿನಲ್ಲಿ ಕುಳಿತು ಕಣ್ಣಾರೆ ಕಂಡೆನೇನೋ ಎಂಬ ಭ್ರಮೆ. ಮದುವೆಯ ಬ್ಯಾಂಡಿನವರಿಂದ ಎರವಲು ತಂದ ಕೆಂಪು ಕೋಟು, ಕಾಲಿಗೆ ಬೂಟು, ಕೈಯಲ್ಲಿ ಬೆತ್ತ, ತಲೆಯ ಮೇಲೆ ರಟ್ಟಿನ ಟೋಪಿ. ಬಾಯಲ್ಲಿ ಮಾತ್ರ ಜಗತ್ತಿನ ಯಾವ ಇಂಗ್ಲಿಷಿನವನೂ ಎಂದೂ ಆಡಿರದ ಒಂದು ಕನ್ನಡ: ತಕಾರವೆಲ್ಲ ಟಕಾರ, ದಕಾರವೆಲ್ಲ ಡಕಾರ. ಮಾತೆಂದರೆ ಮಾತಲ್ಲ, ಗರ್ಜನೆ. ಅಮಟೂರು ಬಾಳಪ್ಪ ಕೋವಿ ಎತ್ತುತ್ತಲೂ ಪರದೆಯ ಹಿಂದೆ ಪಟಾಕಿ ಸಿಡಿಯಬೇಕು; ಥ್ಯಾಕರೆ ಬೀಳಬೇಕು. ಒಂದು ವರ್ಷ ಪಟಾಕಿ ತಂಡಿಹಿಡಿದು ಹತ್ತಲೇ ಇಲ್ಲ. ಬಾಳಪ್ಪ ಗುರಿಯಿಟ್ಟೇ ನಿಂತ, ಥ್ಯಾಕರೆ ಎದೆಯೊಡ್ಡಿಯೇ ನಿಂತ. ಕೊನೆಗೆ ಸಭೆಯಿಂದ ಯಾರೋ, "ನಾಳೆ ಆಫೀಸಿದೆ, ಬೇಗ ಸಾಯಯ್ಯಾ" ಎಂದು ಕೂಗಿದ ಮೇಲೆ ತಂದೆಯವರು ತಾವಾಗಿಯೇ ಬಿದ್ದು ಸತ್ತರಂತೆ. ಅವರು ಸತ್ತಾಗಲೆಲ್ಲ ಮಾವಳ್ಳಿಯವರು ಸಿಳ್ಳೆ ಹಾಕುತ್ತಿದ್ದರು. ಮಾರನೆಯ ಬೆಳಗ್ಗೆ ಹೋಟೆಲಿಗೆ ಹೋದರೆ, "ಬನ್ನಿ ದೊರೆಗಳೇ" ಎಂದು ಬೆಂಚಿನಲ್ಲಿ ಜಾಗ ಬಿಡುತ್ತಿದ್ದರು.

ಈ ಹಳೆಯ ಕಥೆ ಈಗ ನೆನಪಾಗಲು ಕಾರಣ ನನ್ನ ಮಗಳು. ಅವಳು ಎರಡನೆಯ ಪಿ.ಯು.ಸಿ. ಓದುತ್ತಾಳೆ, ಎಂದರೆ, ಓದಬೇಕಾದ ಹೊತ್ತಿನಲ್ಲಿ ಟೆಲಿವಿಷನ್ ಮುಂದೆ ಕೂರುತ್ತಾಳೆ. ಈಚೆಗೆ ಅವಳು ಹಿಡಿದದ್ದು 'ದಿ ಕ್ರೌನ್'. 2016ರಿಂದ 2023ರವರೆಗೆ ಆರು ಕಂತೆಗಳಲ್ಲಿ ಬಂದ ಇಂಗ್ಲೆಂಡಿನ ರಾಣಿಯ ಕಥೆ; ಬರೆದವರು ಪೀಟರ್ ಮಾರ್ಗನ್. ತಾತನಿಗೂ ಮೊಮ್ಮಗಳಿಗೂ ಸಂಜೆ ಒಂದೇ ಸೋಫಾ. ಆದ್ದರಿಂದ ಎಪ್ಪತ್ತೇಳು ವರ್ಷದ ಮಾಜಿ ಥ್ಯಾಕರೆಯವರೂ ರಾಣಿಯ ಸಂಸಾರದ ಸಂಕಟಗಳನ್ನು ತಿಂಗಳಾನುಗಟ್ಟಲೆ ನೋಡಬೇಕಾಯಿತು.

ಮೊದಲ ದಿನವೇ ಅವರ ಆಕ್ಷೇಪಣೆ ಬಂತು. "ಇದೇನಮ್ಮ ಪುಟ್ಟಿ, ಇವರು ಯಾರೂ ಕೂಗೋದೇ ಇಲ್ಲವಲ್ಲ?"

"ಅವರು ಹಾಗೇ ತಾತ. ನಿಜವಾದ ದೊರೆಗಳು ಕೂಗೋಲ್ಲ. ನೀವು ಮಾಡ್ತಿದ್ದದ್ದು ಓವರ್ ಆಕ್ಟಿಂಗ್."

ತಂದೆಯವರು ನನ್ನ ಮುಖ ನೋಡಿದರು. ನಾನು ಪತ್ರಿಕೆಯನ್ನು ಸ್ವಲ್ಪ ಮೇಲಕ್ಕೆತ್ತಿಕೊಂಡೆ.

ಹುಡುಗಿ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆ ಧಾರಾವಾಹಿಯ ಶ್ರೀಮಂತರು, ಕಾರ್ಯದರ್ಶಿಗಳು, ರಾಯಭಾರಿಗಳು ಎಲ್ಲರೂ ಮೆಲ್ಲನೆ ಮಾತಾಡುತ್ತಾರೆ. ಎದುರಾಳಿಯನ್ನು ಮುಗಿಸಬೇಕಾದರೆ ಚಹದ ಬಟ್ಟಲನ್ನು ಸದ್ದಾಗದಂತೆ ಕೆಳಗಿಡುತ್ತಾರೆ, ಅಷ್ಟೇ. ಅವರ ಮನೆಗಳು ದೊಡ್ಡವು, ಒಳಗೆ ಚಳಿ, ಮನಸ್ಸಿನಲ್ಲಿ ಯಾವುದೋ ಹಳೆಯ ನೋವು. ಕರ್ತವ್ಯದ ಭಾರಕ್ಕೆ ಕುಗ್ಗಿದ ಆ ಹೆಗಲುಗಳನ್ನು ನೋಡಿದರೆ ಕರುಳು ಕಿವುಚುತ್ತದೆ. ರಾಣಿಯ ಬಳಿಗೆ ದಿನವೂ ಕೆಂಪು ಪೆಟ್ಟಿಗೆಯಲ್ಲಿ ಸರಕಾರದ ಕಾಗದಗಳು ಬರುತ್ತವೆ. ಓದಿ ಓದಿ ಅವರ ಕಣ್ಣು ಬಳಲುವುದನ್ನು ನಾವು ಕಾಣುತ್ತೇವೆ. ಆ ಕಾಗದ ಪೆಟ್ಟಿಗೆಯಿಂದ ಹೊರಟು ಯಾರ ಮನೆ ಬಾಗಿಲಿಗೆ ಹೋಯಿತು, ಅಲ್ಲಿ ಏನಾಯಿತು ಎಂಬುದನ್ನು ಕಾಣುವುದಿಲ್ಲ. ನಾಲ್ಕನೆಯ ಕಂತೆಯ ಮೊದಲಿನಲ್ಲಿ, 1979ರಲ್ಲಿ, ಐರಿಷ್ ಬಂಡುಕೋರರ ಬಾಂಬಿಗೆ ಮೌಂಟ್‌ಬ್ಯಾಟನ್ನರ ದೋಣಿ ಸಿಡಿಯುತ್ತದೆ. ಚಾರ್ಲ್ಸ್ ಡಾನ್ಸ್ ಎಂಬ ನಟ ಆ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದ್ದಾನೆ. ನನ್ನ ಮಗಳು ಅತ್ತುಬಿಟ್ಟಳು.

"ನಲವತ್ತೇಳರ ವಿಷಯ ಬಂತೇನಮ್ಮ?" ಎಂದು ತಂದೆಯವರು ಕೇಳಿದರು.

"ಅಲ್ಲಲ್ಲಿ ಒಂದೊಂದು ಮಾತು ಬರುತ್ತೆ ತಾತ."

ಒಂದೊಂದು ಮಾತು! 1947ರ ಜುಲೈಯಲ್ಲಿ ಬಂದಿಳಿದ ರಾಡ್‌ಕ್ಲಿಫ್ ಎಂಬ ವಕೀಲ ಐದು ವಾರಗಳಲ್ಲಿ ಪಂಜಾಬಿಗೂ ಬಂಗಾಳಕ್ಕೂ ಗೆರೆ ಎಳೆದು ಹೊರಟುಹೋದ; ಆ ಗೆರೆಯ ಮೇಲೆ ಸತ್ತವರ ಲೆಕ್ಕ ಇಂದಿಗೂ ಖಚಿತವಾಗಿಲ್ಲ. ಅದು ಒಂದೊಂದು ಮಾತು. ದೋಣಿ ಒಂದು ಇಡೀ ಸಂಜೆ. ಇದರಲ್ಲಿ ಬರೆದವನ ದ್ವೇಷವೇನೂ ಇಲ್ಲ. ಅವನು ದಿವಾನಖಾನೆಯ ಒಳಗೆ ಕ್ಯಾಮರಾ ಇಟ್ಟಿದ್ದಾನೆ. ದಿವಾನಖಾನೆಯಲ್ಲಿ ಕಾಣುವುದಷ್ಟೂ ಕಾಣುತ್ತದೆ. 1984ರಲ್ಲಿ ಬಂದ 'ದಿ ಜ್ಯೂಯೆಲ್ ಇನ್ ದಿ ಕ್ರೌನ್' ಧಾರಾವಾಹಿಗೆ ನಮ್ಮ ಮೈಸೂರಿನಲ್ಲಿಯೂ ಚಿತ್ರೀಕರಣ ನಡೆಯಿತು. ಅದೇ ವರ್ಷದ 'ಎ ಪ್ಯಾಸೇಜ್ ಟು ಇಂಡಿಯಾ' ಚಲನಚಿತ್ರಕ್ಕಾಗಿ ಡೇವಿಡ್ ಲೀನ್ ಸಾಹೇಬರು ಬೆಂಗಳೂರಿಗೇ ಬಂದು, ಸಾವನದುರ್ಗ ರಾಮನಗರಗಳ ಬಂಡೆಗಳನ್ನು ಬಿಹಾರದ ಬಂಡೆಗಳೆಂದು ತೋರಿಸಿದರು. ಎರಡೂ ಒಳ್ಳೆಯ ಕೃತಿಗಳೇ. ಆಳುವವರ ಮನಸ್ಸಿನ ಮುಜುಗರವನ್ನು ಮುಚ್ಚಿಡದೆ ತೋರಿಸಿದವು. ಆದರೆ ನಮ್ಮ ಸೀಮೆಯವರಲ್ಲಿ ದೊಡ್ಡ ಪಾತ್ರ ಸಿಕ್ಕಿದ್ದು ಆ ಬಂಡೆಗಳಿಗೆ ಎನ್ನಬೇಕು.

ನಾವಾದರೂ ಏನು ಮಾಡಿದೆವು? 1990ರಲ್ಲಿ ದೂರದರ್ಶನದಲ್ಲಿ 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬಂದಾಗ ನನಗೆ ಹತ್ತು ವರ್ಷ. ಸಂಜಯ್ ಖಾನ್ ಟಿಪ್ಪುವಾಗಿದ್ದರು. ಅದರ ಚಿತ್ರೀಕರಣದ ವೇಳೆ, 1989ರ ಫೆಬ್ರವರಿಯಲ್ಲಿ, ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಹತ್ತಿ 62 ಮಂದಿ ಸತ್ತರು. ಆದ್ದರಿಂದ ದೊಡ್ಡವರು ಅದನ್ನು ನೋಡುವಾಗ ಒಂದು ನಿಟ್ಟುಸಿರೂ ಬೆರೆತಿರುತ್ತಿತ್ತು. ನಮಗೆ ಹುಡುಗರಿಗೆ ಅದೆಲ್ಲ ಎಲ್ಲಿ? ಕೆಂಪು ಕೋಟಿನವರು ಬಂದರೆಂದರೆ ಹಲ್ಲು ಕಚ್ಚಿ ಕಾಯುತ್ತಿದ್ದೆವು. ಅಂಥ ಕಥೆಗಳಲ್ಲಿ ದೊರೆ ಒಂದೋ ಅಬ್ಬರಿಸುತ್ತಾನೆ, ಇಲ್ಲವೇ ಕುಹಕದ ನಗೆ ನಗುತ್ತಾನೆ. ಅವನು ಒಳಗೆ ಕಾಲಿಡುವ ಮೊದಲೇ ಸಂಗೀತ ಅವನ ಚಾಡಿ ಹೇಳಿಬಿಡುತ್ತದೆ. ಇವನಿಂದ ಮೋಸ ಹೋಗುವವರೂ ಇದ್ದಾರೆಯೇ ಎಂದು ನನಗೆ ಆಗಲೇ ಆಶ್ಚರ್ಯವಾಗುತ್ತಿತ್ತು.

ಆ ಆಶ್ಚರ್ಯ ನನ್ನನ್ನು ಬೇರೊಂದು ಕಡೆಗೆ ತಳ್ಳಿತು. ಎಂ.ಎ. ಓದುವಾಗ ಗೆಳೆಯನೊಬ್ಬನ ಕೋಣೆಯಲ್ಲಿ 'ಯೆಸ್ ಮಿನಿಸ್ಟರ್' ನೋಡಿದೆ. 1980ರಲ್ಲಿ ಬಿ.ಬಿ.ಸಿ.ಯಲ್ಲಿ ಮೊದಲಾದ, ಆಂಟನಿ ಜೇ ಮತ್ತು ಜೊನಾಥನ್ ಲಿನ್ ಬರೆದ ವಿನೋದ ಧಾರಾವಾಹಿ ಅದು. 2001ರಲ್ಲಿ ಹಿಂದಿಯಲ್ಲಿಯೂ ಫಾರೂಕ್ ಶೇಖ್ ಮಂತ್ರಿಯಾಗಿ ಅದರ ರೂಪಾಂತರ ಬಂತು. ಅದರಲ್ಲಿ ನೈಜೆಲ್ ಹಾಥಾರ್ನ್ ಮಾಡಿದ ಸರ್ ಹಂಫ್ರಿ ಎಂಬ ಕಾರ್ಯದರ್ಶಿಗೆ ನಾನು ಮನಸೋತೆ. 'ಇಲ್ಲ' ಎಂಬ ಎರಡಕ್ಷರವನ್ನು ಆ ಮಹಾನುಭಾವ ಎಂದೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಹಳಗನ್ನಡದ ಗದ್ಯವನ್ನೂ ನಾಚಿಸುವ ಒಂದು ಉದ್ದ ವಾಕ್ಯವನ್ನು ಹೆಣೆದು, ಮಂತ್ರಿಯನ್ನು ಅದರೊಳಗೆ ಮಲಗಿಸಿ, ಜೋಗುಳ ಹಾಡುತ್ತಾನೆ. ಹೀಗಲ್ಲವೇ ನಾಗರಿಕರು ಇರಬೇಕಾದದ್ದು ಎನಿಸಿತು. ತಂದೆಯವರ ಥ್ಯಾಕರೆಯ ವಿಷಯದಲ್ಲಿ ನನಗೆ ಒಳಗೊಳಗೇ ಸಂಕೋಚ ಹುಟ್ಟಿದ್ದು ಆಗಲೇ ಇರಬೇಕು.

ಮುಂದೆ ನಾನು ಕಾಲೇಜಿನಲ್ಲಿ ಅಧ್ಯಾಪಕನಾದೆ. ವಯಸ್ಸಿನ ಬಲದಿಂದ ವಿಭಾಗದ ಮುಖ್ಯಸ್ಥನೂ ಆದೆ. ಸರ್ ಹಂಫ್ರಿಯಿಂದ ಕಲಿತ ವಿದ್ಯೆ ನಿರುಪಯೋಗವಾಗಲಿಲ್ಲ. ಈಗ ಹೇಳುವುದು ಹೆಮ್ಮೆಯ ಮಾತಲ್ಲ; ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ.

ನಮ್ಮ ವಿಭಾಗದಲ್ಲಿ ಅತಿಥಿ ಉಪನ್ಯಾಸಕರೊಬ್ಬರಿದ್ದರು. ಅತಿಥಿ ಎಂಬ ಪದವನ್ನು ಇಷ್ಟು ಕೆಟ್ಟದಾಗಿ ಬಳಸುವ ನಾಡು ಇನ್ನೊಂದಿರಲಾರದು: ಒಂಬತ್ತು ವರ್ಷದ ಅತಿಥಿ, ಗಂಟೆಯ ಲೆಕ್ಕದಲ್ಲಿ ಸಂಬಳ, ರಜೆಯಲ್ಲಿ ಅದೂ ಇಲ್ಲ. ಮುಂದಿನ ವರ್ಷ ಪಾಠದ ಗಂಟೆಗಳು ಕಡಿಮೆಯಾಗುವ ಸೂಚನೆ ಇತ್ತು. ತಮ್ಮನ್ನು ಉಳಿಸಿಕೊಳ್ಳಬೇಕೆಂದು ನಾನು ಆಡಳಿತದವರಿಗೆ ಒಂದು ಗಟ್ಟಿಯಾದ ಕಾಗದ ಬರೆಯಬೇಕು. ಅವರು ಕೇಳಿದ್ದು ಅಷ್ಟೇ. ಬರೆದರೆ ಆಡಳಿತದವರ ಹುಬ್ಬು ಗಂಟಿಕ್ಕುತ್ತಿತ್ತು. ನಾನು ಅವರನ್ನು ಕೂರಿಸಿದೆ, ಕಾಫಿ ತರಿಸಿದೆ, ವಚನಗಳನ್ನು ಕುರಿತು ಅವರು ಬರೆದಿದ್ದ ಲೇಖನವನ್ನು ಮನಸಾರೆ ಹೊಗಳಿದೆ. ಎರಡು ದಿನ ಬಿಟ್ಟು ಒಂದು ಉತ್ತರ ಬರೆದುಕೊಟ್ಟೆ. ಅವರ ಸೇವೆಯನ್ನು ವಿಭಾಗವು ಅತ್ಯಂತ ಗೌರವದಿಂದ ಕಾಣುತ್ತದೆಂದೂ, ಪರಿಸ್ಥಿತಿಯ ಇತಿಮಿತಿಗಳಿಗೆ ಒಳಪಟ್ಟು ಅವರ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದೆಂದೂ ಅದರಲ್ಲಿತ್ತು. ಒಂದೂ ಕಾಗುಣಿತದ ತಪ್ಪಿಲ್ಲದ ಕಾಗದ. ಅವರು ಎರಡು ಸಲ ಓದಿಕೊಂಡು, "ತುಂಬ ಉಪಕಾರವಾಯಿತು ಸಾರ್" ಎಂದು ಕೈಮುಗಿದು ಹೋದರು. ಆ ಕ್ಷಣದಲ್ಲಿ ನನಗೆ ಸಂತೋಷವಾಯಿತು ಎಂಬುದನ್ನು ಮುಚ್ಚಿಟ್ಟು ಫಲವಿಲ್ಲ. ಜೂನಿನಲ್ಲಿ ಅವರ ಕುರ್ಚಿ ಖಾಲಿಯಾಗಿತ್ತು. ತಿಪಟೂರಿನಲ್ಲಿ ಬಾವನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದಾರೆಂದು ಆಮೇಲೆ ತಿಳಿಯಿತು.

ಇರಲಿ. ಕಳೆದ ತಿಂಗಳ ಒಂದು ಭಾನುವಾರ ಮೂವರೂ ಕೋಟೆಯ ಕಡೆ ಹೊರಟೆವು. ದೊರೆಗಳು ಕೂಗುತ್ತಿದ್ದರೇ ಇಲ್ಲವೇ ಎಂಬ ವ್ಯಾಜ್ಯ ತಾತ ಮೊಮ್ಮಗಳ ನಡುವೆ ಇನ್ನೂ ಇತ್ಯರ್ಥವಾಗಿರಲಿಲ್ಲ. ಸ್ಥಳ ಪರೀಕ್ಷೆಯೇ ಆಗಿಹೋಗಲಿ ಎಂದು ನಾನೇ ಸೂಚಿಸಿದೆ. ಮಾವಳ್ಳಿಯಿಂದ ಅದೇನು ದೂರ? ಜೆ.ಸಿ. ರಸ್ತೆ ಹಿಡಿದರೆ ಮಾರ್ಕೆಟ್ಟು, ಅದರ ಮಗ್ಗುಲಿಗೇ ದಿಲ್ಲಿ ಬಾಗಿಲು. ದಾರಿಯಲ್ಲಿ ಲಾಲ್‌ಬಾಗಿನ ಕಡೆ ಕೈತೋರಿಸಿ ತಂದೆಯವರು ಒಂದು ಮಾತು ಹೇಳಿದರು.

"ನಾನು ನಿಜವಾದ ರಾಣೀನ ನೋಡಿದ್ದೀನಿ ಪುಟ್ಟಿ. ಅರವತ್ತೊಂದರಲ್ಲಿ. ಅಲ್ಲೇ ಒಳಗೆ ಗಿಡ ನೆಟ್ಟು ಹೋದಳು."

ಅದು ನಿಜ. 1961ರ ಫೆಬ್ರವರಿಯಲ್ಲಿ ಎರಡನೆಯ ಎಲಿಜಬೆತ್ ಬೆಂಗಳೂರಿಗೆ ಬಂದಿದ್ದರು. ಲಾಲ್‌ಬಾಗಿನಲ್ಲಿ ಒಂದು ಅರಕೇರಿಯ ಸಸಿ ನೆಟ್ಟರು. ತಂದೆಯವರಿಗೆ ಆಗ ಹದಿಮೂರು. ಜನರ ಕಾಲುಗಳ ನಡುವೆ ನುಗ್ಗಿ ನಿಂತು ಅವರು ಕಂಡದ್ದು ಕಾರಿನ ಕಿಟಕಿಯಲ್ಲಿ ಬಿಳಿಯ ಕೈಚೀಲ ತೊಟ್ಟ ಒಂದು ಕೈ. "ಎಷ್ಟು ಚೆನ್ನಾಗಿ ಬೀಸಿದಳು ಅಂತೀಯ! ನಾನೂ ಬೀಸಿದೆ." ಅದೇ 1961ರಲ್ಲಿ ಬಿ.ಆರ್. ಪಂತುಲು ಅವರ 'ಕಿತ್ತೂರು ಚೆನ್ನಮ್ಮ' ಚಿತ್ರ ಬಂತು. ಬಿ. ಸರೋಜಾದೇವಿ ಚೆನ್ನಮ್ಮನಾಗಿ ಥ್ಯಾಕರೆಯನ್ನು ತರಾಟೆಗೆ ತೆಗೆದುಕೊಂಡಾಗ ಟಾಕೀಸಿನಲ್ಲಿ ಬೆಂಚು ಮುರಿಯುವ ಹಾಗೆ ಗುದ್ದಿದವರಲ್ಲಿಯೂ ಇವರು ಒಬ್ಬರು. ಒಂದೇ ವರ್ಷ, ಒಬ್ಬನೇ ಹುಡುಗ. ಒಂದು ಕೈಯಲ್ಲಿ ರಾಣಿಗೆ ಸಲಾಮು, ಇನ್ನೊಂದರಲ್ಲಿ ಕಲೆಕ್ಟರನಿಗೆ ಗುದ್ದು. ಇದರಲ್ಲೇನಾದರೂ ವಿರೋಧವಿದೆಯೆಂದು ಮಾವಳ್ಳಿಯಲ್ಲಿ ಯಾರಿಗೂ ತೋರಿದ ಹಾಗಿಲ್ಲ. ಅವಳು ಕೈಬೀಸಿದಳು, ಇವನು ಕೂಗಿದ. ಅವಳ ಹೆಸರಿನ ಪೂರ್ವಿಕರ ಕೆಲಸಕ್ಕೇ ಇವನು ಬಂದಿದ್ದನೆಂಬುದನ್ನು ಯಾರು ಯೋಚಿಸಬೇಕು?

ನಿಜವಾದ ಥ್ಯಾಕರೆ ಕೂಗಿದನೋ ಇಲ್ಲವೋ, ನಾನು ಕಾಣೆ. ಸೇಂಟ್ ಜಾನ್ ಥ್ಯಾಕರೆ ಧಾರವಾಡದ ಕಲೆಕ್ಟರನೂ ಪೊಲಿಟಿಕಲ್ ಏಜೆಂಟನೂ ಆಗಿದ್ದವನು. ಎಂದರೆ ತೆರಿಗೆಯವನೂ ಹೌದು, ರಾಯಭಾರಿಯೂ ಹೌದು. 'ವ್ಯಾನಿಟಿ ಫೇರ್' ಬರೆದ ಕಾದಂಬರಿಕಾರ ಥ್ಯಾಕರೆಗೆ ಚಿಕ್ಕಪ್ಪ. 1824ರಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರ ಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ ಜಗಳ ಹುಟ್ಟಿದ್ದು ಒಂದು ಕಾಗದದಿಂದ. ಸಾಯುವ ಮೊದಲು ದತ್ತು ತೆಗೆದುಕೊಂಡುದು ನಿಜವೇ? ಕಾಗದದ ಮೇಲಿನ ಸಹಿ ಅವನದೇ? ಸಹಿ ಹಾಕುವಾಗ ಅವನಿಗೆ ಎಚ್ಚರವಿತ್ತೇ? ಕಲೆಕ್ಟರನಿಗೆ ಸಂಶಯ, ಸಂಶಯ ಬಂದದ್ದರಿಂದ ಭಂಡಾರಕ್ಕೆ ಮೊಹರು. ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಅವನು ಗುಂಡಿಗೆ ಬಿದ್ದ. ನಮ್ಮ ನಾಟಕದಲ್ಲಿ ಆ ಸಹಿಯೂ ಇಲ್ಲ, ಅರಗಿನ ಮೊಹರೂ ಇಲ್ಲ. ರಂಗದ ಮೇಲೆ ಮೊಹರು ಒತ್ತುವುದನ್ನು ಯಾರು ನೋಡುತ್ತಾರೆ? ಆದ್ದರಿಂದ ಅದನ್ನೆಲ್ಲ ಕಪ್ಪದ ಮಾತಾಗಿ ಮಾಡಿ, ಗರ್ಜನೆಯಾಗಿ ಮಾಡಿ, ನಮ್ಮ ತಂದೆಯವರ ಬಾಯಿಗೆ ಕೊಟ್ಟರು. ಇಂಗ್ಲಿಷಿನವರ ಧಾರಾವಾಹಿಯಲ್ಲಿ ಕಾಗದ ಪೆಟ್ಟಿಗೆಯಲ್ಲೇ ಉಳಿಯಿತು. ನಮ್ಮ ನಾಟಕದಲ್ಲಿ ಪೆಟ್ಟಿಗೆಯೂ ಇಲ್ಲವಾಯಿತು. ಮೆಲುದನಿಯ ಪರಂಗಿಯವನನ್ನು ನಮ್ಮವರು ಬರೆಯಲೇ ಇಲ್ಲವೆಂದಲ್ಲ. ಗಿರೀಶ ಕಾರ್ನಾಡರು 1997ರಲ್ಲಿ ಬಿ.ಬಿ.ಸಿ. ರೇಡಿಯೋಗಾಗಿ ಬರೆದು ಆಮೇಲೆ ಕನ್ನಡಕ್ಕೂ ತಂದ 'ಟಿಪ್ಪು ಸುಲ್ತಾನ ಕಂಡ ಕನಸು' ನಾಟಕದಲ್ಲಿ ಕರ್ನಲ್ ಮೆಕೆಂಜಿ ಇದ್ದಾನೆ, ಕೈಫಿಯತ್ತುಗಳನ್ನು ಕೂಡಿಹಾಕಿದವನು. ಸೋತವರ ನೆನಪುಗಳನ್ನೂ ದಾಖಲೆ ಮಾಡಿ ಕೊಂಡೊಯ್ಯುವ ಅವನನ್ನು ಕಂಡು ನನಗೆ ಯಾವ ಕೂಗಾಟದ ದೊರೆಯನ್ನು ಕಂಡೂ ಆಗದ ಭಯ ಆಗಿತ್ತು.

ಕೋಟೆಯಲ್ಲಿ ಜನ ಕಡಿಮೆ ಇದ್ದರು. ಉಳಿದಿರುವ ಗೋಡೆಯಲ್ಲಿ ಒಂದು ಕಲ್ಲು ಹಾಕಿದ್ದಾರೆ: 1791ರ ಮಾರ್ಚ್ 21ರಂದು ಬ್ರಿಟಿಷರು ನುಗ್ಗಿದ ಬಿರುಕು ಇದೇ ಎಂದು. ನುಗ್ಗಿಸಿದವನು ಲಾರ್ಡ್ ಕಾರ್ನ್‌ವಾಲಿಸ್, ಅಪ್ಪಟ ಶ್ರೀಮಂತ ಮನೆತನದ ಅರ್ಲ್. ಹತ್ತು ವರ್ಷ ಮೊದಲು, 1781ರಲ್ಲಿ, ಅಮೆರಿಕದ ಯಾರ್ಕ್‌ಟೌನಿನಲ್ಲಿ ಸೋತವನು ಇವನೇ. ಅಂದು ಮೈ ಸರಿಯಿಲ್ಲವೆಂದು ಹೇಳಿ, ಕತ್ತಿ ಒಪ್ಪಿಸಲು ತನ್ನ ಕೈಕೆಳಗಿನವನನ್ನು ಕಳಿಸಿದ್ದ. ಬೆಂಗಳೂರಿನ ಕೋಟೆ ಬಿದ್ದ ರಾತ್ರಿ ಕಿಲ್ಲೇದಾರ ಬಹಾದೂರ್ ಖಾನ್ ಹೋರಾಡುತ್ತ ಮಡಿದ. ಬೇಕಾದರೆ ಶವವನ್ನು ಮರ್ಯಾದೆಯಿಂದ ಕಳಿಸಿಕೊಡುತ್ತೇನೆಂದು ಕಾರ್ನ್‌ವಾಲಿಸ್ ಟಿಪ್ಪುವಿಗೆ ಹೇಳಿಕಳಿಸಿದನೆಂದು ಅಂದಿನ ಇಂಗ್ಲಿಷ್ ಬರಹಗಳು ಹೇಳುತ್ತವೆ.

"ನೋಡಿದಿರಾ ತಾತ? ಎಷ್ಟು ಮರ್ಯಾದಸ್ಥ!" ಎಂದಳು ಮಗಳು.

ನಾನು ಮುಂದಿನ ಕಥೆ ಹೇಳಿದೆ. ಮಾರನೆಯ ವರ್ಷ, 1792ರಲ್ಲಿ, ಶ್ರೀರಂಗಪಟ್ಟಣದ ಒಪ್ಪಂದ. ರಾಜ್ಯದ ಅರ್ಧ ಭಾಗ, 3 ಕೋಟಿ 30 ಲಕ್ಷ ರೂಪಾಯಿ, ಹಣ ಸಲ್ಲುವವರೆಗೆ ಟಿಪ್ಪುವಿನ ಎಂಟು ಹತ್ತು ವರ್ಷದ ಇಬ್ಬರು ಗಂಡುಮಕ್ಕಳು ಒತ್ತೆ. ಮಕ್ಕಳು ಆನೆಯ ಮೇಲೆ ಬಂದಾಗ ಕಾರ್ನ್‌ವಾಲಿಸ್ ಡೇರೆಯ ಬಾಗಿಲಿಗೆ ಬಂದು ಎದುರುಗೊಂಡ. ಎಡಬಲದಲ್ಲಿ ಕೂರಿಸಿಕೊಂಡ. ಒಬ್ಬೊಬ್ಬನಿಗೂ ಒಂದೊಂದು ಚಿನ್ನದ ಗಡಿಯಾರ ಕೊಟ್ಟ. ಸೈನ್ಯದ ಜೊತೆಯಲ್ಲೇ ಇದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಆ ದೃಶ್ಯವನ್ನು ಬರೆದ, ಬೇರೆಯವರೂ ಬರೆದರು. ಕೈಚಾಚಿ ನಿಂತ ತಂದೆಯಂಥ ದೊರೆ, ತಲೆಬಾಗಿದ ಪುಟ್ಟ ಮಕ್ಕಳು. ಅದೇ 1792ರಲ್ಲಿ ಲಂಡನ್ನಿನ ಆಸ್ಟ್ಲಿಯ ಕುದುರೆಯಾಟದ ರಂಗಮಂದಿರದಲ್ಲಿ ಬೆಂಗಳೂರಿನ ಮುತ್ತಿಗೆಯನ್ನೇ ನಾಟಕ ಮಾಡಿ ಆಡಿದರು. ನಾವು ಪೀಪಾಯಿ ಹಾಸಿ ಥ್ಯಾಕರೆಯನ್ನು ಕೊಲ್ಲುವುದಕ್ಕೆ ಸುಮಾರು ನೂರೆಪ್ಪತ್ತು ವರ್ಷ ಮೊದಲೇ ಅವರು ನಮ್ಮ ಈ ಕೋಟೆಯನ್ನು ಹಲಗೆಯಲ್ಲಿ ಕಟ್ಟಿ ಕೆಡವಿದ್ದರು. 'ದಿ ಕ್ರೌನ್' ಹೊಸದಾಗಿ ಏನನ್ನೂ ಕಂಡುಹಿಡಿದಿಲ್ಲ. ಆ ಗಡಿಯಾರ ಕೊಡುವ ಕೈಯನ್ನು ಅವರು ಎರಡು ಶತಮಾನದಿಂದ ತೋರಿಸುತ್ತಲೇ ಬಂದಿದ್ದಾರೆ. ಕಾರ್ನ್‌ವಾಲಿಸನಿಗೆ ಮಾರ್ಕ್ವಿಸ್ ಎಂಬ ಪದವಿ ಬಂದದ್ದು ಆ ವರ್ಷವೇ.

"ಮಕ್ಕಳನ್ನ ವಾಪಸು ಕೊಟ್ಟರಾ?"

"1794ರಲ್ಲಿ. ಹಣ ಪೂರ್ತಿ ಸಂದ ಮೇಲೆ."

ಮಗಳು ಸ್ವಲ್ಪ ಹೊತ್ತು ಆ ಕಲ್ಲನ್ನು ನೋಡುತ್ತಿದ್ದು, "ಗಡಿಯಾರ ಯಾಕೆ ಕೊಟ್ಟ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ತಂದೆಯವರೂ ಮಾತಾಡಲಿಲ್ಲ. ಹಿಂದಕ್ಕೆ ಬರುವಾಗ ಆಟೋದಲ್ಲಿ ಅವರು ಯಾವುದೋ ಯೋಚನೆಯಲ್ಲಿದ್ದ ಹಾಗಿತ್ತು.

ಮನೆಗೆ ಬಂದು ಕಾಫಿ ಕುಡಿಯುವಾಗ ಅವರು ತಮ್ಮ ತಂದೆಯ ಕಥೆ ತೆಗೆದರು. ಅದರ ಅರ್ಧ ನನಗೆ ಗೊತ್ತಿತ್ತು. ನಮ್ಮ ತಾತನವರು ಯುದ್ಧದ ಕಾಲದಲ್ಲಿ ದಂಡಿನ ಕಡೆಯ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಇಂಗ್ಲಿಷ್ ದೊರೆಯ ಗುಣಗಾನ ಅವರ ಬಾಯಲ್ಲಿ ಕೊನೆಯವರೆಗೂ ಇತ್ತೆಂದು ಕೇಳಿದ್ದೆ: ದೊರೆ ಎಂದೂ ಏಕವಚನ ಆಡಿದವನಲ್ಲ, ದನಿ ಎತ್ತಿದವನಲ್ಲ, ತಪ್ಪು ಕಂಡರೆ ಪೆನ್ಸಿಲಿನಿಂದ ಮೆಲ್ಲಗೆ ಗುರುತು ಹಾಕುತ್ತಿದ್ದ. ಗೊತ್ತಿಲ್ಲದ ಅರ್ಧ ಇದು. 1943ರಲ್ಲಿ ತಂದೆಯವರಿಗಿಂತ ಮೊದಲು ಹುಟ್ಟಿದ್ದ ಒಂದು ಹೆಣ್ಣುಮಗು, ಅವರ ಅಕ್ಕ, ಅಜ್ಜಿಯ ತವರಾದ ಮಾಗಡಿಯಲ್ಲಿ ವಿಷಮಜ್ವರದಿಂದ ಮಲಗಿತು. ತಾತ ನಾಲ್ಕು ದಿನದ ರಜೆ ಕೇಳಲು ಹೋದರು. ದೊರೆ ಎದುರಿಗೆ ಕುರ್ಚಿ ತೋರಿಸಿದನಂತೆ. ಗುಮಾಸ್ತರನ್ನು ಕೂರಿಸುವುದು ಆ ಕಚೇರಿಯಲ್ಲಿ ಅದೇ ಮೊದಲು. ಮಗುವಿನ ಹೆಸರು ಕೇಳಿದ, ಜ್ವರ ಎಷ್ಟು ದಿನದಿಂದ ಎಂದು ಕೇಳಿದ, ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡ. ಮೂರನೆಯ ದಿನ ದುಂಡನೆಯ ಅಕ್ಷರದಲ್ಲಿ ಉತ್ತರ ಬಂತು. ಯುದ್ಧದ ಕಾರ್ಯಗೌರವದಿಂದ ರಜೆ ಕೊಡಲಾಗದುದಕ್ಕೆ ವಿಷಾದ. ಮಗುವು ಬೇಗ ಗುಣಹೊಂದಲೆಂದು ಹಾರೈಕೆ. ಮಗುವಿನ ಹೆಸರನ್ನೂ ತಪ್ಪಿಲ್ಲದೆ ಬರೆದಿದ್ದ. ತಾತ ಮಾಗಡಿಗೆ ಹೋದದ್ದು ಮುಂದಿನ ಭಾನುವಾರ. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

"ನಮ್ಮಮ್ಮ ಹೇಳೋಳು," ಎಂದರು ತಂದೆಯವರು. "'ಆ ದೊರೆ ಒಂದು ಸಲ ಬೈದು ಅಟ್ಟಿದ್ದರೆ ಇವರು ಕೆಲಸಾನ ಅಲ್ಲೇ ಬಿಸಾಕಿ ಎದ್ದು ಬಂದಿರೋರು. ಕುರ್ಚಿ ಕೊಟ್ಟು ಕೂರಿಸಿದ, ಅದಕ್ಕೆ ಬರಲಿಲ್ಲ.' ಅಪ್ಪ ಮಾತ್ರ ಆ ಕಾಗದಾನ ಪೆಟ್ಟಿಗೇಲಿ ಇಟ್ಟುಕೊಂಡೇ ಇದ್ದರು. ದೊರೆ ಕೈಬರಹ ಅಂತ."

ನಾವು ಯಾರೂ ಮಾತಾಡಲಿಲ್ಲ.

"ನಾಟಕದಲ್ಲಿ ನಾನು ಅಷ್ಟೊಂದು ಯಾಕೆ ಕೂಗ್ತಿದ್ದೆ ಗೊತ್ತೇನಮ್ಮ ಪುಟ್ಟಿ? ಓವರ್ ಆಕ್ಟಿಂಗೇ ಅನ್ನು. ಮುಂದಿನ ಸಾಲಿನಲ್ಲಿ ನಮ್ಮಪ್ಪ ಕೂತಿರೋರು. ಪ್ರತಿವರ್ಷ ಬರೋರು, ಕೊನೇವರೆಗೂ ಇರೋರು. ಒಂದು ಸಲವಾದರೂ ಆ ದೊರೆ ಅವರನ್ನ ಗದರಲಿ ಅಂತ ನನಗೆ ಆಸೆ."

"ತಾತ ಏನು ಮಾಡ್ತಿದ್ದರು?" ಎಂದು ನಾನು ಕೇಳಿದೆ.

"ನಾನು ಸತ್ತಾಗ ಎಲ್ಲರೂ ಸಿಳ್ಳೆ ಹಾಕೋರು. ಅವರು ಮಾತ್ರ ಸುಮ್ಮನೆ ಕೂತಿರೋರು."

ಕತ್ತಲಾಗುತ್ತ ಬಂದಿತ್ತು. ವಾತಾವರಣ ಹಗುರವಾಗಲೆಂದೋ ಏನೋ ಮಗಳು, "ತಾತ, ಒಂದು ಸಲ ಥ್ಯಾಕರೆ ಮಾಡಿ ತೋರಿಸಿ. ಆದರೆ ಟಿ.ವಿ.ಯವರ ಹಾಗೆ, ಕೂಗದೆ" ಎಂದಳು. ತಂದೆಯವರು ನಕ್ಕು, ಬೇಡವೆಂದು, ಮತ್ತೆ ಒಪ್ಪಿಕೊಂಡರು. ಕಾಫಿಯ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟರು. ಪಂಚೆಯ ಮಡಿಕೆ ಸರಿಮಾಡಿಕೊಂಡು, ಕುರ್ಚಿಯಲ್ಲಿ ನೆಟ್ಟಗಾಗಿ, ಎದುರಿನ ಕುರ್ಚಿಯನ್ನು ಕೈಯಿಂದ ತೋರಿಸಿದರು. ಆಮೇಲೆ ನಾನು ಅವರ ಬಾಯಲ್ಲಿ ಎಂದೂ ಕೇಳಿರದ ಒಂದು ತಣ್ಣನೆಯ ದನಿಯಲ್ಲಿ ಹೇಳಿದರು:

"ರಾಣಿಯವರು ದಯಮಾಡಿ ಕುಳಿತುಕೊಳ್ಳಬೇಕು. ತಮ್ಮ ಯಜಮಾನರ ಮಗ ಹೋದದ್ದು ಕೇಳಿ ನನಗೆ ಬಹಳ ದುಃಖವಾಗಿದೆ. ದತ್ತಕದ ಕಾಗದವನ್ನು ನೋಡಿದ್ದೇನೆ. ತಮ್ಮ ಮನವಿಯನ್ನು ಸಹಾನುಭೂತಿಯಿಂದ ಪರಿಶೀಲಿಸಲಾಗುವುದು."

ಅವರಿಗೆ ನನ್ನ ಕಾಗದದ ವಿಷಯ ತಿಳಿಯದು. ತಿಪಟೂರಿನವರ ವಿಷಯವನ್ನು ಮನೆಯಲ್ಲಿ ನಾನು ಹೇಳಿರಲಿಲ್ಲ. ನಾನು ಎದ್ದು ಹೋಗಿ ದೀಪದ ಸ್ವಿಚ್ಚು ಹುಡುಕಿದೆ.

"ಬೇಡ ತಾತ," ಎಂದಳು ಮಗಳು. "ಹೀಗೆ ಬೇಡ. ಮೊದಲಿನ ಹಾಗೇ ಕೂಗಿ."

ತಂದೆಯವರು ಒಂದು ಗಳಿಗೆ ಅವಳನ್ನೇ ನೋಡಿದರು. ಆಮೇಲೆ ಎದ್ದು ನಿಂತು, ಗೋಡೆಗೆ ಒರಗಿಸಿದ್ದ ಊರುಗೋಲನ್ನು ಬೆತ್ತದಂತೆ ಹಿಡಿದು, ತಕಾರವನ್ನೆಲ್ಲ ಟಕಾರ ಮಾಡಿ ಒಂದು ಗರ್ಜನೆ ಹಾಕಿದರು. ಬೀದಿಯ ನಾಯಿ ಬೊಗಳಲು ತೊಡಗಿತು. ಕೆಳಮನೆಯವರು ಮೆಟ್ಟಿಲು ಹತ್ತಿ ಬಂದು, "ಏನಾಯಿತು ಸ್ವಾಮಿ, ಯಜಮಾನರಿಗೆ ಮೈ ಸರಿಯಾಗಿದೆ ತಾನೆ?" ಎಂದು ವಿಚಾರಿಸಿದರು.